ಬೀಗರಿಗೆ ಬಡಿಸಿದ ತಂಬುಳಿ

ಸೊಪ್ಪು ತೊಳೆದರೆ ಸತ್ವ ಹೋಗುತ್ತದೆ ಎಂಬುದು ನನ್ನ ಸಿದ್ಧಾಂತವಾಗಿತ್ತು. ಗಂಡಸಿಗೆ ಒಂದಾದರೂ ಸ್ವಂತ ಸಿದ್ಧಾಂತ ಬೇಕು. ಇಲ್ಲದಿದ್ದರೆ ಮನೆಯಲ್ಲಿ ಯಾರೂ ಲೆಕ್ಕಕ್ಕಿಡುವುದಿಲ್ಲ. ಶಿರಸಿಯ ನಮ್ಮ ಮನೆಯ ಬಚ್ಚಲ ನೀರು ಹರಿಯುವಲ್ಲಿ ಒಂದೆಲಗದ ಸೊಪ್ಪು ಹುಲುಸಾಗಿ ಬೆಳೆದಿದೆ. ಅದನ್ನು ಕಿತ್ತು, ಮಣ್ಣು ಕೊಡವಿ, ಕಾಯಿ ಮಜ್ಜಿಗೆಯೊಂದಿಗೆ ಹಸಿಯಾಗಿಯೇ ರುಬ್ಬಿ ತಂಬುಳಿ ಮಾಡುವ ಕೆಲಸವನ್ನು ನಾನು ಇನ್ನೊಬ್ಬರಿಗೆ ಬಿಟ್ಟವನಲ್ಲ. ಮಗಳನ್ನು ನೋಡಲು ಸಿದ್ದಾಪುರದಿಂದ ಬಂದವರಿಗೂ ಅದನ್ನೇ ಮೇಲಿಂದ ಮೇಲೆ ಬಡಿಸಿದೆ. ಸಂಬಂಧ ಕುದುರಿತು. ಕುದುರಿಸಿದ್ದು ನನ್ನ ತಂಬುಳಿಯೇ ಎಂದು ಊರೆಲ್ಲ ಹೇಳಿಕೊಂಡು ತಿರುಗಿದೆ.

ಆಮೇಲೆ ಶುರುವಾಯಿತು ನೋಡಿ, ಹೊಟ್ಟೆ ನುಲಿತ, ಮೈತುಂಬ ತುರಿಕೆ. ಪರೀಕ್ಷೆ ಮಾಡಿಸಿದ ಡಾಕ್ಟರು, ‘ಇಯೊಸಿನೊಫಿಲ್ ಏರಿದೆ, ಹೊಟ್ಟೆಯಲ್ಲಿ ಜಂತುಹುಳ’ ಎಂದರು. ಇಯೊಸಿನೊಫಿಲ್ ಎಂದರೆ ರಕ್ತದ ಬಿಳಿ ಕಣಗಳಲ್ಲೇ ಒಂದು ಬಗೆಯಂತೆ. ಸಣ್ಣ ರೋಗಾಣುವಾದರೆ ಬೇರೆ ಕಣಗಳು ನುಂಗಿಬಿಡುತ್ತವೆ. ಹುಳ ನುಂಗಲಾಗದಷ್ಟು ದೊಡ್ಡದು. ಹಾಗಾಗಿ ಇವು ಗುಂಪುಕಟ್ಟಿ ಅದರ ಮೈಗೆ ವಿಷ ಕಾರುತ್ತವೆ. ಕರುಳು ಲೋಳೆ ಸುರಿಸಿ, ಹಿಂಡಿ, ಜಾರಿಸಿ ಹೊರಗೆ ದಬ್ಬಲು ನೋಡುತ್ತದೆ. ಎದ್ದು ಹೋಗದ ನೆಂಟನನ್ನು ಮನೆಮಂದಿಯೆಲ್ಲ ಸೇರಿ ಸಾಗಹಾಕುವಂತೆ. ಹೊಡೆದಾಟ ಅವರದ್ದು, ತುರಿಕೆ ನನ್ನದು. ನನ್ನೊಳಗೂ ಇಷ್ಟು ಶೂರರಿದ್ದಾರಲ್ಲ ಎಂದು ಎದೆಯುಬ್ಬಿತು. ಅಷ್ಟರಲ್ಲಿ ಡಾಕ್ಟರು, ‘ಆ ತಂಬುಳಿ ಉಂಡವರೆಲ್ಲ ಒಮ್ಮೆ ಪರೀಕ್ಷೆ ಮಾಡಿಸಲಿ’ ಎಂದುಬಿಟ್ಟರು.

ಹೆಂಡತಿ, ಮಗಳು ಇಬ್ಬರ ರಕ್ತವೂ ಸರಿಯಾಗಿಯೇ ಇತ್ತು. ಅದೇಕೆಂದು ನನಗೆ ಹೊಳೆಯಲಿಲ್ಲ. ನನ್ನ ತಲೆಯಲ್ಲಿ ಬೀಗರೇ ತುಂಬಿದ್ದರು. ನಿಶ್ಚಿತಾರ್ಥ ಮುಂದಿನ ವಾರ. ಹೇಳಿದರೆ ಸಂಬಂಧ ಮುರಿದೀತು, ಹೇಳದಿದ್ದರೆ ಅವರ ಹೊಟ್ಟೆ ಕೆಟ್ಟೀತು. ಹೆದರುತ್ತಲೇ ಫೋನು ಮಾಡಿದೆ. ಎತ್ತಿದವರು ಬೀಗಿತ್ತಿ. ಬಿಳಿ ಕಣಗಳ ಶೌರ್ಯವನ್ನೆಲ್ಲ ವರ್ಣಿಸಿ, ಬೆವರೊರೆಸಿಕೊಂಡು, ಕೊನೆಗೆ ಹುಳಕ್ಕೆ ಬಂದೆ.

‘ಭಾವ, ನಿಂಗ ಹೆದ್ರಡಿ’ ಎಂದು ಅವರು ನಕ್ಕರು. ‘ಆ ತಂಬ್ಳಿ ನಂಗ್ಳಲ್ಲಿ ಯಾರೂ ಉಂಡಿದ್ದಿಲ್ಲೆ. ನಿಂಗ ಬಡಿಸಕಾದ್ರೆ ನಿಂಗ್ಳ ಮನೆಯವು ಹಿಂದಿಂದ ಕಣ್ಸನ್ನೆ ಮಾಡಿದ್ವಲಿ! ಬಾಳೆಲೆ ಮಡಚಕಾದ್ರೆ ಒಳಗೇ ಸೇರ್ಸಿಟ್ಟಾತು. ಇಂಥಾ ಆಯಿ ಬೆಳೆಸಿದ ಮಗಳಾದ್ರೆ ಅಡ್ಡಿಲ್ಲೆ ಹೇಳಿ ನಂಗ್ಳಿಗೆ ಅಲ್ಲೇ ಒಪ್ಪಿಗೆ ಆತು.’

ಕಣ್ಸನ್ನೆ ಮಾಡಿದ್ದ ಹೆಂಡತಿಯತ್ತ ತಿರುಗಿದೆ. ‘ಆನು ಮದ್ವೆಯಾದ ವರ್ಷನೇ ಆ ತಂಬ್ಳಿ ಉಂಬದು ಬಿಟ್ಟಿದ್ದಿ, ಮಗಳಿಗೂ ಕೊಟ್ಟಿದ್ದಿಲ್ಲೆ’ ಎನ್ನುತ್ತ ಅವಳು ಹುಳದ ಗುಳಿಗೆಯನ್ನೂ ನೀರಿನ ಲೋಟವನ್ನೂ ಮುಂದಿಟ್ಟಳು. ನನ್ನ ಶೂರರು ಎದ್ದದ್ದು ಹುಳ ಒಳಗೆ ಬಂದ ಮೇಲೆ. ಇವಳ ಕಾವಲು ಬಾಳೆಯೆಲೆಯಲ್ಲೇ ಇತ್ತು.

ಗುಳಿಗೆ ನುಂಗಿದೆ. ಸೊಪ್ಪನ್ನೂ ಈಗ ತೊಳೆಯುತ್ತೇನೆ. ಆದರೆ ಮಗಳ ಸಂಬಂಧ ಕುದುರಿಸಿದ್ದು ನನ್ನ ತಂಬುಳಿಯೇ ಎಂದು ಇವತ್ತಿಗೂ ಹೇಳಿಕೊಂಡು ತಿರುಗುತ್ತೇನೆ, ಸುಳ್ಳೇನೂ ಅಲ್ಲವಲ್ಲ.