ನಿಧಾನದ ಹಡಗು ಮತ್ತು ನನ್ನ ಅಮೂಲ್ಯ ಅಭಿಪ್ರಾಯ

ಘೂಂ... ಎಂದು ಶುರುವಾಗಿ, ನಡುವೆ ಒಮ್ಮೆ ಕೆಮ್ಮಿದಂತಾಗಿ, ಮತ್ತೆ ಘೂಂ... ಎಂದು ಎಳೆಯುವ ಒಂದು ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಅದನ್ನು ಮೊದಲ ಸಲ ಕೇಳಿದಾಗ ನಮ್ಮ ಯಜಮಾನರು, ಸಂಪಿನ ಮೋಟಾರು ಕೆಟ್ಟಿತೆಂದುಕೊಂಡು ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದು ಓಡಿದ್ದರು. ಸದ್ದು ಮೋಟಾರಿನದಲ್ಲ, ನನ್ನ ಟ್ಯಾಬ್‌ನೊಳಗಿನ ಬಾಹ್ಯಾಕಾಶ ಹಡಗಿನದು ಎಂದು ತಿಳಿದ ಮೇಲೆ ಸಂಜೆಯವರೆಗೂ ನನ್ನೊಡನೆ ಮಾತಾಡಲಿಲ್ಲ.

ಮೊಣಕಾಲಿನ ಆಪರೇಷನ್ ಆಗಿ ನಾನು ಕಾಲು ಚಾಚಿ ಕೂತಿರಬೇಕಾಗಿ ಬಂದಾಗ ನನ್ನ ತಂಗಿಯ ಮಗಳು ಈ ಆಟವನ್ನು ಹಾಕಿಕೊಟ್ಟು ಹೋಗಿದ್ದಳು. ಹೆಸರು ‘ನೀಲಾಂತರ’. ಸಾವಿರಾರು ಜನ ತಮ್ಮ ತಮ್ಮ ಮನೆಯಲ್ಲಿ ಕೂತು ಒಂದೇ ಕಾಲಕ್ಕೆ ಆಡುವ ಆಟ. ಮುಂದೆಂದೋ ಬರಲಿರುವ ಶತಮಾನದ ಕಥೆ. ಒಬ್ಬೊಬ್ಬರೂ ಒಂದೊಂದು ವೇಷ ತೊಟ್ಟು ಗ್ರಹದಿಂದ ಗ್ರಹಕ್ಕೆ ಹೋಗಬೇಕು, ಅದಿರು ಅಗೆಯಬೇಕು, ಮಾರಬೇಕು, ಬಂದೂಕು ಕೊಳ್ಳಬೇಕು, ಕೊನೆಗೆ ಒಬ್ಬರನ್ನೊಬ್ಬರು ಸುಡಬೇಕು. ಅದರಲ್ಲಿ ನಾನು ಡಾಕ್ಟರ್ ಲ್ಯಾವೆಂಡರ್, ಸಸ್ಯವಿಜ್ಞಾನಿ. ಬೆಳ್ಳಿ ಬಣ್ಣದ ಸೂಟು, ಹಿಡಿಯಷ್ಟು ಸೊಂಟ. ಮೊದಲ ದಿನ ಎದುರಿಗೆ ಬಂದ ಎಂಟು ಕಾಲಿನ ಪ್ರಾಣಿಗೆ ಅಭ್ಯಾಸಬಲದಿಂದ “ಎಕ್ಸ್‌ಕ್ಯೂಸ್ ಮಿ” ಎಂದೆ. ಅದು ನನ್ನನ್ನು ತಿಂದುಹಾಕಿತು!

ಅಂದಿನಿಂದ ನಾನು ಯುದ್ಧಭೂಮಿಯ ಗೊಡವೆಗೆ ಹೋಗದೆ ಹಡಗಿನಲ್ಲೇ ಉಳಿದೆ. ಎರಡು ಗ್ರಹಗಳ ನಡುವೆ ಓಡಾಡುವ ಪ್ಯಾಸೆಂಜರ್ ಹಡಗು ಅದು. ಈಚೆಯಿಂದ ಆಚೆ ಮುಟ್ಟಲು ಅನ್ನ ಬೇಯುವಷ್ಟು ಹೊತ್ತು. ಅದರೊಳಗೆ ಬಂದೂಕು ಕೆಲಸ ಮಾಡುವುದಿಲ್ಲ. ಪಕ್ಕದಲ್ಲಿ ಕೂತವರ ಧ್ವನಿ ಮಾತ್ರ ಕೇಳುತ್ತದೆ. ಕಿಟಕಿಯಾಚೆ ನಕ್ಷತ್ರಗಳು. ಮಾಡಲು ಬೇರೇನೂ ಇಲ್ಲ. ಹೀಗಾಗಿ ಜನ ಮಾತಾಡುತ್ತಿದ್ದರು.

ಬೆಳಗಿನ ಹೊತ್ತು ನನ್ನ ಪಕ್ಕದ ಸೀಟಿಗೆ ಬರುತ್ತಿದ್ದದ್ದು ಒಂದು ಕಬ್ಬಿಣದ ರಾಕ್ಷಸ. ತಲೆಗೆ ಎರಡು ಕೊಂಬು, ಎದೆಯಲ್ಲಿ ಉರಿಯುವ ಕೆಂಡ, ಕೊಂಬಿನ ಮೇಲೆ ತೇಲುವ ಹೆಸರು ‘ಸ್ಟೀಲ್ ರಾಣಿ’. ಮೊದಲ ದಿನ ನಾನು ಹೆದರಿ ಕಿಟಕಿಯ ಕಡೆಗೆ ಸರಿದಿದ್ದೆ. ಆಗ ಆ ಉಕ್ಕಿನ ಎದೆಯೊಳಗಿಂದ ಒಂದು ಹೆಣ್ಣುದನಿ ಕೇಳಿತು, “ನಾಷ್ಟಾ ಆತೇನ್ರಿ ಅಮ್ಮಾರ?”

ನನ್ನ ಸೊಂಟ ನೋಡಿಯೂ ನಾನು ಅಮ್ಮಾರು ಎಂದು ಗೊತ್ತಾದದ್ದು ಹೇಗೆಂದು ಕೇಳಿದೆ. ಅದಕ್ಕೆ ಮುಂಚೆ ನಾನು ಯಜಮಾನರಿಗೆ ಬಿಪಿ ಮಾತ್ರೆ ನೆನಪಿಸಿದ್ದು ಅವಳಿಗೆ ಸ್ಪಷ್ಟವಾಗಿ ಕೇಳಿಸಿತ್ತಂತೆ.

ರಾಣಿ ಬಾಗಲಕೋಟೆ ಕಡೆಯವಳು. ಬೊಮ್ಮನಹಳ್ಳಿಯಲ್ಲಿ ಊರಿನ ಹೆಣ್ಣುಮಕ್ಕಳ ಜೊತೆ ಬಾಡಿಗೆ ರೂಮು, ಜಿಗಣಿಯ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುವ ಕೆಲಸ. ಕಂಪನಿಯ ಬಸ್ಸು ಹತ್ತಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ಫೋನಿನಲ್ಲಿ ನಮ್ಮ ಹಡಗು ಹತ್ತುತ್ತಿದ್ದಳು. ಅವಳೂ ಯಾರನ್ನೂ ಸುಟ್ಟವಳಲ್ಲ. ಯುದ್ಧ ಮಾಡದವಳಿಗೆ ಕೊಂಬೇಕೆ ಎಂದು ಕೇಳಿದರೆ, ಕೊಂಬಿದ್ದರೆ ಮಂದಿ ಹತ್ತಿರ ಬರುವುದಿಲ್ಲ, ಸೀಟು ಆರಾಮಾಗಿ ಸಿಗುತ್ತದೆ ಎಂದಳು. ಉಂಗುರ ತೊಟ್ಟ ಗ್ರಹವೊಂದು ಕಿಟಕಿಗೆ ಬಂದಾಗ ನಾನು “ಹೌ ಮೆಜೆಸ್ಟಿಕ್” ಎಂದು ನಿಟ್ಟುಸಿರು ಬಿಟ್ಟರೆ ಅವಳು, “ಕೋಡಬಳಿ ನಡುವ ಉಂಡಿ ಇಟ್ಟಂಗೈತಿ ನೋಡ್ರಿ” ಎನ್ನುತ್ತಿದ್ದಳು. ಆಮೇಲೆ ನನಗೂ ಅದು ಹಾಗೆಯೇ ಕಾಣತೊಡಗಿತು.

ಒಂದು ದಿನ ಅವಳಾಗಿಯೇ ಹೇಳಿದಳು. “ರೂಮಿನ್ಯಾಗ ಎಲ್ಲಾರೂ ಏನರೆ ಕೇಳತಾರ್ರಿ. ಲೈನಿನ್ಯಾಗ ಸೂಪರ್‌ವೈಸರ್ ಕೇಳತಾನ, ಊರಿಂದ ಫೋನ್ ಬಂದ್ರ ಅವ್ವ ಕೇಳತಾಳ. ಇಲ್ಲಿ ಬಂದ್ ಕುಂತ್ರ ಯಾರೂ ಏನೂ ಕೇಳಂಗಿಲ್ಲ.”

ಅದಕ್ಕೇ ನಾನೂ ಏನೂ ಕೇಳಲಿಲ್ಲ. ಅವಳ ನಿಜವಾದ ಹೆಸರನ್ನು ಕೂಡ. ಸ್ವಂತ ವಿಷಯ ಕೇಳುವುದು ಬ್ಯಾಡ್ ಮ್ಯಾನರ್ಸ್ ಎಂದು ಕಾನ್ವೆಂಟಿನ ಸಿಸ್ಟರ್‌ಗಳು ನಮಗೆ ಅರೆದು ಕುಡಿಸಿದ್ದರು. ಹಡಗು ಇದ್ದೇ ಇರುತ್ತದೆ, ಅವಸರವೇನು ಎಂದೂ ಅನ್ನಿಸಿತ್ತು.

ಹೀಗಿರುವಾಗ ಕಂಪನಿಯವರಿಗೆ ಆಟಗಾರರ ಅಭಿಪ್ರಾಯ ತಿಳಿಯುವ ಮನಸ್ಸಾಯಿತು. ಆಟದೊಳಗೇ ಒಂದು ಗೋಡೆ, ಅದರ ಮೇಲೆ ಯಾರು ಬೇಕಾದರೂ ಬರೆಯಬಹುದು. ಯೋಧರೆಲ್ಲ ಬರೆದರು. ಒಬ್ಬ, “ಈ ಹಡಗು ಫುಲ್ ಟೈಮ್ ವೇಸ್ಟ್ ಗುರು, ಬಟನ್ ಒತ್ತಿದ್ರೆ ಆ ಗ್ರಹದಲ್ಲಿ ಇರ್ಬೇಕು” ಎಂದ. ಇನ್ನೊಬ್ಬ, “ಮಚ್ಚಾ, ನಾವು ಬಂದಿರೋದು ಯುದ್ಧಕ್ಕಾ, ತೀರ್ಥಯಾತ್ರೆಗಾ?” ಎಂದ. ಮತ್ತೊಬ್ಬನಿಗೆ ಗ್ರಾಫಿಕ್ಸ್ ಸರಿಯಿಲ್ಲ, ಮಗದೊಬ್ಬನಿಗೆ ಬಂದೂಕಿನ ಸದ್ದು ಸಾಲದು. ಹಡಗಿನ ಪರವಾಗಿ ಬರೆದವರು ವಿರಳ. ಬರೆಯುವ ಆತುರವಿರುವವರಾದರೆ ಆ ಹಡಗಿನಲ್ಲೇಕೆ ಕೂತಿರುತ್ತಿದ್ದರು?

ಕೊನೆಗೆ ಕಂಪನಿ ಕೆಲವು ಆಟಗಾರರನ್ನು ವೈಟ್‌ಫೀಲ್ಡಿನ ತನ್ನ ಆಫೀಸಿಗೆ ಕರೆಯಿತು. ವಯಸ್ಸಿನ ಕಾಲಂ ನೋಡಿಯೋ ಏನೋ, ನನ್ನನ್ನೂ ಕರೆಯಿತು. ರಾಣಿಗೆ ಹೇಳಿದೆ.

“ಹೋಗ್ರಿ ಅಮ್ಮಾರ. ನೀವು ಇಂಗ್ಲಿಷಿನ್ಯಾಗ ಬೈದ್ರ ಅವರು ಕೇಳತಾರ. ಈ ಹಡಗಾ ಒಂದು ಉಳಸ್ರಿ. ಇದು ಹೋದ್ರ ನಂದೂ ಆಟ ಮುಗೀತು.”

ನನ್ನ ಇಂಗ್ಲಿಷಿನ ಬಗ್ಗೆ ನನಗೆ ಕಿಂಚಿತ್ತೂ ಸಂಶಯವಿರಲಿಲ್ಲ. ಪೀಣ್ಯದ ಒಂದು ಯಂತ್ರದ ಕಾರ್ಖಾನೆಯಲ್ಲಿ ನಾನು ರಿಟೈರ್ ಆಗುವವರೆಗೆ ರಿಸೆಪ್ಷನಿಸ್ಟ್. ಜರ್ಮನಿಯಿಂದ ಬಂದವರೂ ನನ್ನ ಉಚ್ಚಾರಣೆಗೆ ತಲೆದೂಗಿದ್ದರು. ಅದೇ ಕಾರ್ಖಾನೆಯ ಸ್ಟೋರ್ಸಿನಲ್ಲಿದ್ದ ನಮ್ಮ ಯಜಮಾನರು ಮಾತ್ರ ಪತ್ರಿಕೆಯಿಂದ ತಲೆಯೆತ್ತಲಿಲ್ಲ. “ಸರ್ವೀಸ್ ಪೂರ್ತಿ ಜಗಳಕ್ಕೆ ಬಂದೋರಿಗೆ ಕಾಫಿ ಕೊಟ್ಟು ಕೂರಿಸಿದೋಳು ನೀನು. ಈಗ ನೀನೇ ಜಗಳಕ್ಕೆ ಹೋಗ್ತೀಯಾ?”

ಹೋಗಿಯೇ ತೀರುತ್ತೇನೆ ಎಂದೆ. ಆ ದಿನ ಮೈಸೂರು ಸಿಲ್ಕ್ ಉಟ್ಟು ಹೊರಟಾಗ ಅವರು ಮೇಲಿಂದ ಕೆಳಗೆ ನೋಡಿದರು.

“ದೂರು ಕೊಡೋಕೆ ಹೊರಟಿದೀಯೋ, ಹೆಣ್ಣು ನೋಡೋಕೋ?”

ಎಲೆಕ್ಟ್ರಾನಿಕ್ ಸಿಟಿಯ ನಮ್ಮ ಮನೆಯಿಂದ ವೈಟ್‌ಫೀಲ್ಡಿಗೆ ಕ್ಯಾಬು ತೆಗೆದುಕೊಂಡ ಹೊತ್ತಿನಲ್ಲಿ ನೀಲಾಂತರದ ಸಮಸ್ತ ಬ್ರಹ್ಮಾಂಡವನ್ನು ಸುತ್ತಿ ಬರಬಹುದಿತ್ತು. ಸಿಲ್ಕ್ ಬೋರ್ಡ್ ಬಳಿ ಗಾಡಿ ನಿಂತೇ ಹೋದಾಗ, ಸಮಯ ವ್ಯರ್ಥವಾಗಬಾರದೆಂದು ನನ್ನ ಭಾಷಣದ ಮೊದಲ ವಾಕ್ಯವನ್ನು ಗಟ್ಟಿಯಾಗಿ ಅಭ್ಯಾಸ ಮಾಡಿದೆ. “ದಿಸ್ ಈಸ್ ಸಿಂಪ್ಲಿ ನಾಟ್ ಅಕ್ಸೆಪ್ಟಬಲ್!” ಡ್ರೈವರ್ ಬೆಚ್ಚಿಬಿದ್ದು, ಮೇಡಂ, ನಾನೇನು ಮಾಡ್ಲಿ, ಮುಂದೆ ಲಾರಿ ಇದೆ ಎಂದು ಕೈಮುಗಿದ. ನನಗೆ ನಾಚಿಕೆಯಾಗಿ, ಅವನ ಡ್ರೈವಿಂಗ್ ಎಷ್ಟು ಸ್ಮೂತ್ ಎಂದು ದಾರಿಯುದ್ದಕ್ಕೂ ಹೊಗಳಿದೆ. ಇಳಿಯುವಾಗ ನೋಡಿಕೊಂಡರೆ, ಎದೆಯಲ್ಲಿ ಕೂಡಿಟ್ಟಿದ್ದ ಕೋಪದಲ್ಲಿ ಅರ್ಧದಷ್ಟು ಸೋರಿಹೋಗಿತ್ತು!

ಉಳಿದರ್ಧಕ್ಕೆ ಅನುಷಾ ಗತಿ ಕಾಣಿಸಿದಳು. ಅಭಿಪ್ರಾಯ ಕೇಳುವ ಕೆಲಸ ಅವಳದು. ನಿದ್ದೆಗೆಟ್ಟ ಕಣ್ಣು, ಕತ್ತಿನಲ್ಲಿ ಐಡಿ ಕಾರ್ಡು. ನನ್ನನ್ನು ಕಂಡವಳೇ ಓಡಿ ಬಂದು ಕೈ ಹಿಡಿದು, ಮೊಣಕಾಲಿಗೆ ಅನುಕೂಲವಾಗಲೆಂದು ಎತ್ತರದ ಕುರ್ಚಿ ತರಿಸಿ, ಒಂದು ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದಳು. ಹೋಳಿಗೆ.

“ಹಿರಿಯರೊಬ್ರು ಬರ್ತಾರೆ ಅಂದಿದ್ದೆ ಆಂಟಿ. ನಮ್ಮಮ್ಮ ಆನೇಕಲ್‌ನಿಂದ ಮಾಡಿ ಕಳಿಸಿದ್ರು. ತುಪ್ಪ ಮನೇದೇ.”

ತಿನ್ನಬಾರದಿತ್ತು. ತಿಂದೆ. ಎರಡನೆಯದನ್ನು ಬೇಡವೆನ್ನಬೇಕಿತ್ತು. ಅನ್ನಲಿಲ್ಲ.

ಸಭೆ ಶುರುವಾಯಿತು. ಕಪ್ಪು ಟೀ ಶರ್ಟಿನ ಯೋಧರು ಒಬ್ಬೊಬ್ಬರಾಗಿ ಎದ್ದು ಅವಳನ್ನು ಝಾಡಿಸಿದರು. ಇದು ಡಬ್ಬಾ, ಅದು ಬೋರು, ಹಡಗು ಕಿತ್ತೆಸೆಯಿರಿ. ಅವರ ಮನೆಯಲ್ಲಿ ಕೂತು, ಅವರ ಸಮೋಸ ಅಗಿಯುತ್ತಾ ಅವರಿಗೇ ಬೈಗುಳ! ಅನುಷಾ ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದಳು. ನನ್ನ ಸರದಿ ಬಂದಾಗ ಎದ್ದು ನಿಂತೆ. ಬಾಯಲ್ಲಿ ಇನ್ನೂ ಏಲಕ್ಕಿಯ ವಾಸನೆ. ಒಬ್ಬರ ಮನೆಯ ಹೋಳಿಗೆ ತಿಂದು, ಅದೇ ಬಾಯಲ್ಲಿ ಅವರ ಕೆಲಸ ಚೆನ್ನಾಗಿಲ್ಲ ಎನ್ನುವುದನ್ನು ನನಗೆ ಯಾರೂ ಕಲಿಸಿಲ್ಲ. ಆಗ ಕಿವಿಗೆ ಬಿದ್ದ ವಾಕ್ಯ ನನ್ನ ಬಾಯಿಂದಲೇ ಬಂದದ್ದು ಎಂದು ತಿಳಿಯಲು ಕೊಂಚ ಹೊತ್ತು ಹಿಡಿಯಿತು. “ಎವೆರಿಥಿಂಗ್ ಈಸ್ ಸಿಂಪ್ಲಿ ಲವ್ಲಿ, ಮೈ ಡಿಯರ್.”

ಅನುಷಾಳ ಮುಖ ಅರಳಿತು. ಹಾಗಾದರೆ ಹಡಗು ತೆಗೆಯುವ ಬಗ್ಗೆ ಆಂಟಿಯ ಅಭಿಪ್ರಾಯವೇನು ಎಂದು ಕೇಳಿದಳು. ದೇವರು ನನ್ನೆದುರಿಗೆ ತಟ್ಟೆಯಲ್ಲಿಟ್ಟು ಕೊಟ್ಟ ಅವಕಾಶ ಅದು. ನಾನು ಗಂಟಲು ಸರಿಮಾಡಿಕೊಂಡು, ಮುತ್ತಿನಂಥ ಇಂಗ್ಲಿಷಿನಲ್ಲಿ, “ವಾಟೆವರ್ ಯೂ ಡಿಸೈಡ್ ವಿಲ್ ಬಿ ಫಾರ್ ದ ಬೆಸ್ಟ್” ಎಂದು ಹೇಳಿ, ಅವಳ ತಲೆಯ ಮೇಲೆ ಕೈಯಿಟ್ಟು ಹರಸಿ ಕೂತೆ.

ಮನೆಗೆ ಬಂದಾಗ ಯಜಮಾನರು ಏನಾಯಿತೆಂದು ಕೇಳಿದರು. ಹೋಳಿಗೆ ಬಹಳ ಮೆತ್ತಗಿತ್ತು ಎಂದೆ.

ಕೆಲವೇ ದಿನಗಳಲ್ಲಿ ಆಟದ ಗೋಡೆಯ ಮೇಲೆ ನನ್ನ ಫೋಟೋ ಬಂತು. ಅವರ ಆಫೀಸಿನ ರಟ್ಟಿನ ಗಗನಯಾತ್ರಿಯ ಪಕ್ಕದಲ್ಲಿ ಮೈಸೂರು ಸಿಲ್ಕ್ ಉಟ್ಟು ನಗುತ್ತಿದ್ದೇನೆ. ಕೆಳಗೆ, “ನಮ್ಮ ಹಿರಿಯ ಆಟಗಾರ್ತಿ ಡಾಕ್ಟರ್ ಲ್ಯಾವೆಂಡರ್ ಅವರ ಮಾತು”, ಅದರ ಕೆಳಗೆ ಆ ಮುತ್ತಿನಂಥ ವಾಕ್ಯ, ಅದರ ಕೆಳಗೆ ಹಡಗನ್ನು ನಿಲ್ಲಿಸುವ ಪ್ರಕಟಣೆ! ಬರುವ ಗುರುವಾರದಿಂದ ಬಟನ್ ಒತ್ತಿದರೆ ಗ್ರಹ. ಯೋಧರು ನನ್ನನ್ನು ಕಂಡಕಂಡಲ್ಲಿ ಬಂದೂಕೆತ್ತಿ ಸೆಲ್ಯೂಟ್ ಹೊಡೆಯತೊಡಗಿದರು. “ಅಜ್ಜಿ ಸಕ್ಕತ್, ಅಜ್ಜಿ ನಮ್ಮ ಕಡೆ” ಎಂದು ಗೋಡೆ ತುಂಬ ಬರೆದರು. ಜೀವಮಾನದಲ್ಲಿ ಒಂದು ಸೈನ್ಯವಾದರೂ ನನ್ನ ಹಿಂದೆ ನಿಂತಿತಲ್ಲ, ನಿಂತದ್ದು ಶತ್ರುಸೈನ್ಯ!

ತಪ್ಪು ತಿದ್ದಲೇಬೇಕೆಂದು ಅನುಷಾಳಿಗೆ ಫೋನ್ ಮಾಡಿದೆ. ಎತ್ತಿದವಳೇ, ಮೊಣಕಾಲು ಹೇಗಿದೆ ಆಂಟಿ ಎಂದಳು. ನನ್ನ ಮಾತು ಕೇಳಿ ಬಾಸ್ ಅವಳನ್ನು ಮೊದಲ ಸಲ ಹೊಗಳಿದರಂತೆ. ಅಮ್ಮನಿಗೂ ಹೇಳಿದಳಂತೆ. ಆಮೇಲೆ ಮಾತು ಎಲ್ಲೆಲ್ಲೋ ಹೋಗಿ, ನಾನು ಅವಳಿಗೆ ಹಾಗಲಕಾಯಿ ಗೊಜ್ಜು ಮಾಡುವ ವಿಧಾನ ಹೇಳಿ ಫೋನ್ ಇಟ್ಟೆ.

“ಉಪ್ಪು ಎಷ್ಟು ಹಾಕ್ಬೇಕು ಅಂತ ಹೇಳೋದು ಮರೆತೆ ನೋಡು” ಎಂದರು ಯಜಮಾನರು.

ಅಂದು ಬಾಲ್ಕನಿಯಲ್ಲಿ ಕೂತು ಬಹಳ ಯೋಚಿಸಿದೆ. ನನ್ನ ಇಂಗ್ಲಿಷಿನಲ್ಲಿ ಧನ್ಯವಾದಕ್ಕೆ ಹತ್ತಾರು ಮಾತುಗಳಿವೆ, ಕ್ಷಮಾಪಣೆಗೆ ಅದಕ್ಕಿಂತ ಹೆಚ್ಚು. ಬೇಡ ಎನ್ನುವುದಕ್ಕೆ ಒಂದೂ ಇಲ್ಲ. ಸಿಸ್ಟರ್‌ಗಳು ಕಲಿಸಿದ್ದು ಭಾಷೆಯನ್ನೋ, ದನಿ ತಗ್ಗಿಸುವುದನ್ನೋ? ಹಾಗೆಂದು ಅವರನ್ನು ದೂರಲೂ ಆಗದು, ಕನ್ನಡದಲ್ಲಿಯೂ ನಾನು ಯಾರಿಗೆ ಬೇಡ ಎಂದಿದ್ದೇನೆ? ಆ ಯೋಧರು ಒರಟರು, ನಿಜ. ಆದರೆ ತಮಗೆ ಬೇಕಾದದ್ದನ್ನು ಬೇಕು ಎಂದರು, ಪಡೆದರು. ನಿಧಾನವೇ ಬೇಕಾದವರು ನಾವು. ನಮ್ಮ ಪರವಾಗಿ ಮಾತಾಡಲು ಇದ್ದದ್ದು ನಾನೊಬ್ಬಳು. ಈ ಊರಿನಲ್ಲಿ ನಿಧಾನಕ್ಕೇನೂ ಬರವಿಲ್ಲ, ಹೊಸೂರು ರೋಡಿನ ಟ್ರಾಫಿಕ್ಕಿನಲ್ಲಿ ಬೇಕಾದಷ್ಟಿದೆ. ಆದರೆ ಆ ನಿಧಾನದಲ್ಲಿ ಪಕ್ಕದವರನ್ನು ನಾಷ್ಟಾ ಆಯಿತೇ ಎಂದು ಯಾರೂ ಕೇಳುವುದಿಲ್ಲ.

ಹಡಗಿನ ಕಡೆಯ ದಿನ ಬೆಳಿಗ್ಗೆ ನನ್ನ ಸೀಟಿನಲ್ಲಿ ಕೂತೆ. ಅದುವರೆಗೆ ಬೈದುಕೊಂಡೇ ಹತ್ತುತ್ತಿದ್ದ ಯೋಧರೆಲ್ಲ ಕೊನೆಯ ಸಲ ನೋಡಲು ಬಂದು ಹಡಗು ಸಂತೆಯಾಗಿತ್ತು. ರಾಣಿ ಬರುತ್ತಾಳೋ ಇಲ್ಲವೋ ಎಂದು ಬಾಗಿಲ ಕಡೆಗೇ ನೋಡುತ್ತಿದ್ದೆ. ಬಂದಳು. ಕೊಂಬಿನಿಂದ ದಾರಿ ಮಾಡಿಕೊಂಡು ಪಕ್ಕದಲ್ಲಿ ಕೂತಳು. ನಾನು ಎಲ್ಲವನ್ನೂ ಹೇಳಿದೆ, ಒಂದಕ್ಷರ ಬಿಡದೆ. ಅವಳ ಬಸ್ಸಿನ ಹಾರ್ನು ಮಾತ್ರ ಕೇಳಿಸುತ್ತಿತ್ತು.

“ತುಪ್ಪ ಹಾಕಿದ್ರೇನ್ರಿ ಹೋಳಗಿಗೆ?” ಎಂದಳು ಕೊನೆಗೆ.

“ಹಾಕಿದ್ರಮ್ಮ.”

“ಹಂಗಾರ ಬಿಡ್ರಿ. ನೀವರೆ ಏನ್ ಮಾಡಾಕ ಬರತೈತಿ?”

ಬೈದಿದ್ದರೆ ಸುಲಭವಾಗುತ್ತಿತ್ತು. ಇನ್ನು ಬಸ್ಸಿನಲ್ಲಿ ಏನು ಮಾಡುತ್ತೀ ಎಂದು ಕೇಳಿದೆ. ನಿದ್ದೆ ಮಾಡುತ್ತೇನೆ ಎಂದಳು. ಆಮೇಲೆ ಇಬ್ಬರೂ ಕಿಟಕಿಯಾಚೆ ನೋಡುತ್ತಾ ಕೂತೆವು. ಫೋನ್ ನಂಬರ್ ಹೇಳಲು ನೋಡಿದೆ, ಆಟದ ಕಂಪ್ಯೂಟರು ಪ್ರತಿ ಅಂಕಿಗೂ ಕುಂಯ್ ಎಂದು ನನ್ನ ದನಿ ಅಳಿಸಿಹಾಕಿತು. ಅದು ಅಲ್ಲಿಯ ನಿಯಮ. ಹೆಸರಿಗೆ ಅಂಥ ನಿಯಮವೇನಿಲ್ಲ. ಕೇಳಿಬಿಡಬೇಕು, ಇಳಿಯುವ ಮುಂಚೆ ಅವಳ ಹೆಸರು, ಊರಿನ ಹೆಸರು, ಗಾರ್ಮೆಂಟ್ಸಿನ ಹೆಸರು ಎಲ್ಲವನ್ನೂ ನಾಚಿಕೆ ಬಿಟ್ಟು ಕೇಳಿಬಿಡಬೇಕು ಎಂದು ನಿರ್ಧರಿಸಿದೆ.

ಹಡಗು ನಿಂತಿತು. ಬಾಗಿಲು ತೆರೆಯಿತು. ಹಿಂದಿನಿಂದ ಯೋಧರ ನೂಕುನುಗ್ಗಲು. ರಾಣಿ ಎದ್ದು ನಿಂತಳು, ನಾನೂ ನಿಂತೆ. ಇಬ್ಬರೂ ಬಾಗಿಲಿಗೆ ಒಟ್ಟಿಗೆ ಬಂದೆವು. ಹೆಸರು ಕೇಳಲು ಬಾಯಿ ತೆರೆದೆ. ಬಾಯಿಂದ ಬಂದದ್ದು, “ಆಫ್ಟರ್ ಯೂ, ಪ್ಲೀಸ್.”

“ಬರತೀನ್ರಿ ಅಮ್ಮಾರ” ಎಂದು ಅವಳು ಕೊಂಬು ತಗ್ಗಿಸಿ ಇಳಿದು ಹೋದಳು. ತಿರುಗಿ ನೋಡಲಿಲ್ಲ, ಆ ಮಾದರಿಯ ರೋಬೋಟಿಗೆ ಕತ್ತು ತಿರುಗುವುದಿಲ್ಲ. ಅವಳನ್ನು ನಾನು ಕಂಡದ್ದು ಅದೇ ಕೊನೆ. ಅವಳ ಹಿಂದೆ ಯೋಧರೆಲ್ಲ ಒಬ್ಬೊಬ್ಬರಾಗಿ ಇಳಿದರು. ಎಲ್ಲರೂ ಇಳಿಯುವವರೆಗೆ ನಾನು ಬಾಗಿಲು ಹಿಡಿದುಕೊಂಡು ನಿಂತಿದ್ದೆ. ಅದು ಯಾರೂ ಹಿಡಿಯಬೇಕಾಗಿಲ್ಲದ, ತಾನಾಗಿಯೇ ತೆರೆದುಕೊಂಡಿರುವ ಬಾಗಿಲು.