ಸುಲೋಚನಾ ಮೇಡಂಗೆ ನಾನು ಹಾಕಿದ ದಂಡ

ಗಾಲ್ಫ್ ಕಷ್ಟದ ಆಟವೇನಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯವಾಗಿತ್ತು. ಚೆಂಡು ನೆಲದ ಮೇಲೆ ಸುಮ್ಮನೆ ಕೂತಿರುತ್ತದೆ. ಯಾರೂ ಅದನ್ನು ನಮ್ಮ ಮುಖಕ್ಕೆ ಎಸೆಯುವುದಿಲ್ಲ, ಯಾರೂ ಅಡ್ಡ ಬಂದು ಕಿತ್ತುಕೊಳ್ಳುವುದಿಲ್ಲ. ಬೇಕಾದಷ್ಟು ಹೊತ್ತು ಯೋಚಿಸಿ, ಮನಸ್ಸು ಬಂದಾಗ ಹೊಡೆಯಬಹುದು. ಐವತ್ತೊಂದು ವರ್ಷ ವಯಸ್ಸಿನ, ಸ್ವಲ್ಪ ಹೊಟ್ಟೆ ಬಂದಿರುವ ದಾವಣಗೆರೆಯ ಮನುಷ್ಯನಿಗೆ ಇದಕ್ಕಿಂತ ಹೊಂದುವ ಆಟ ಯಾವುದಿದೆ?

ನಾನು ಎಲೆಕ್ಟ್ರಾನಿಕ್ ಸಿಟಿಯಲ್ಲಿ ವಿದ್ಯುತ್ ಪ್ಯಾನೆಲ್ ತಯಾರಿಸುವ ಒಂದು ಕಾರ್ಖಾನೆಯಲ್ಲಿ ಗುಣಮಟ್ಟ ವಿಭಾಗದ ಮುಖ್ಯಸ್ಥ. ಮನೆ ಸಿಂಗಸಂದ್ರದಲ್ಲಿ. ದೂರ ಹೆಚ್ಚೇನಿಲ್ಲ. ಆದರೆ ಹೊಸೂರು ರಸ್ತೆಯ ಟ್ರಾಫಿಕ್ಕಿನಲ್ಲಿ ಕಂಪನಿ ಬಸ್ಸು ನಿಂತಿತೆಂದರೆ, ಅಮೆರಿಕದಲ್ಲಿ ನಾಲ್ಕು ದಿನ ನಡೆದ ಪಂದ್ಯದ ಮುಖ್ಯ ಹೊಡೆತಗಳನ್ನೆಲ್ಲ ಮೊಬೈಲಿನಲ್ಲಿ ನೋಡಿ ಮುಗಿಸಬಹುದು. ಹಾಗೆ ನೋಡುತ್ತ ನೋಡುತ್ತ ನಾನು ಗಾಲ್ಫ್ ಪಂಡಿತನಾದೆ. ಯಾರ ಸೊಂಟ ಯಾವ ಕೋನದಲ್ಲಿ ತಿರುಗುತ್ತದೆ, ಯಾರು ಹೊಡೆಯುವ ಮುನ್ನ ಎಷ್ಟು ಸಲ ಉಸಿರು ಬಿಡುತ್ತಾರೆ, ಎಲ್ಲ ಬಾಯಿಪಾಠ. ನಿಯಮಗಳ ಪುಸ್ತಕವನ್ನಂತೂ ಎರಡು ಸಲ ಓದಿದೆ. ಓದುವುದು ನನಗೆ ಬರುತ್ತದೆ. ಹೊಡೆಯುವುದೊಂದೇ ಬಾಕಿಯಿತ್ತು.

ಅದನ್ನು ಕಲಿಯಲು ನಮ್ಮ ಮನೆಯಿಂದ ಅರ್ಧ ಗಂಟೆ ದೂರದ ಒಂದು ಅಭ್ಯಾಸ ಮೈದಾನಕ್ಕೆ ಭಾನುವಾರದ ಬೆಳಗ್ಗೆ ಹೋಗತೊಡಗಿದೆ. ಅಲ್ಲಿನ ಕೋಚ್ ಮುನಿರಾಜು ಅದೇ ಊರಿನವರು. ಆ ಮೈದಾನದಲ್ಲಿ ಹಿಂದೆ ಅವರ ಅಪ್ಪ ರಾಗಿ ಬೆಳೆಯುತ್ತಿದ್ದರಂತೆ. ಅವರು ಒಂದೂ ಪುಸ್ತಕ ಓದಿದವರಲ್ಲ. ಆದರೆ ಅವರು ಹೊಡೆದ ಚೆಂಡು ಹೇಳಿದ ಕಡೆ ಹೋಗಿ ಬೀಳುತ್ತಿತ್ತು.

ಮೊದಲ ದಿನವೇ ನಾನು ವಿಶ್ವದರ್ಜೆಯ ಆಟಗಾರರೊಬ್ಬರ ಭಂಗಿಯಲ್ಲಿ ನಿಂತೆ. ಕಣ್ಣು ಕಿರಿದು ಮಾಡಿ ದೂರ ನೋಡಿದೆ. ಮೊಣಕಾಲು ಬಗ್ಗಿಸಿದೆ. ಎರಡು ಸಲ ಉಸಿರು ಬಿಟ್ಟೆ.

"ಸಾರ್, ಯಾಕೆ? ಸೊಂಟ ನೋಯ್ತಾ ಐತಾ?" ಎಂದರು ಮುನಿರಾಜು.

"ಇಲ್ಲ ಮುನಿರಾಜು, ಇದು ಈಗಿನ ಚಾಂಪಿಯನ್ನರ ಶೈಲಿ."

"ಅವ್ರಿಗೆ ಅಂಗೆ ಬತ್ತದೆ ಸಾರ್. ನೀವು ಮೊದ್ಲು ಚೆಂಡು ನೋಡಿ. ಇಂಗೆ ನಿಧಾನಕ್ಕೆ ಒಡೀರಿ."

ನಿಧಾನಕ್ಕೆ ಹೊಡೆಯುವವರನ್ನು ಟೀವಿಯಲ್ಲಿ ಯಾರು ತೋರಿಸುತ್ತಾರೆ? ನಾನು ಬಲವಾಗಿ ಬೀಸಿದೆ. ಚೆಂಡು ಇದ್ದಲ್ಲೇ ಇತ್ತು. ಅಂಗೈಯಗಲದ ಹುಲ್ಲು ಮಾತ್ರ ಎದ್ದು ಬಹಳ ದೂರ ಹೋಯಿತು!

ವಾರಕ್ಕೊಂದು ದಿನ ಸಾಲದೆಂದು ಮನೆಯ ಹಾಲ್‌ನಲ್ಲೂ ಅಭ್ಯಾಸ ಶುರು ಮಾಡಿದೆ. ಎರಡನೇ ದಿನ ಸೀಲಿಂಗ್ ಫ್ಯಾನಿನ ಒಂದು ರೆಕ್ಕೆ ಬಗ್ಗಿತು. ನನ್ನ ಹೆಂಡತಿ ಗಿರಿಜಾ ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಅಡುಗೆಮನೆಯಿಂದ ಬಂದು ಫ್ಯಾನನ್ನೂ ನನ್ನನ್ನೂ ನೋಡಿದಳು.

"ಚೆಂಡು ಕೆಳಗೈತೆ, ಫ್ಯಾನು ಮೇಲೈತೆ. ಇದು ಹೆಂಗಾತ್ರೀ?"

ಗಣಿತದವಳಿಗೇ ಬಿಡಿಸಲಾಗದ ಪ್ರಶ್ನೆಗೆ ನಾನೇನು ಉತ್ತರ ಹೇಳಲಿ?

ಹೀಗೆ ಎಂಟು ತಿಂಗಳು ಕಳೆದವು. ಒಂದು ದಿನ ಲಿಫ್ಟಿನಲ್ಲಿ ನಮ್ಮ ಎಂ.ಡಿ. ನಟರಾಜ್ ಸಿಕ್ಕರು.

"ಪ್ರಕಾಶ್, ನೀವು ಗಾಲ್ಫ್ ಆಡ್ತೀರಂತೆ? ನಿಮ್ಮ ಹ್ಯಾಂಡಿಕ್ಯಾಪ್ ಎಷ್ಟು?"

ಹ್ಯಾಂಡಿಕ್ಯಾಪ್ ಎಂದರೆ ಆಟಗಾರನಿಗೆ ಕೊಡುವ ಹೊಡೆತಗಳ ರಿಯಾಯಿತಿ. ಅದು ಕಡಿಮೆ ಇದ್ದಷ್ಟೂ ಆಟಗಾರ ದೊಡ್ಡವನು. ನನಗೆ ಯಾರೂ ಅದನ್ನು ಕೊಟ್ಟಿರಲಿಲ್ಲ. ಇಲ್ಲ ಎನ್ನಬಹುದಿತ್ತು. ಆದರೆ ಚೀಲದಲ್ಲಿ ಹದಿನಾಲ್ಕಕ್ಕಿಂತ ಹೆಚ್ಚು ಕ್ಲಬ್, ಅಂದರೆ ಹೊಡೆಯುವ ಕೋಲು, ಇಡಬಾರದು ಎಂಬ ನಿಯಮವನ್ನು ಅವತ್ತು ಬೆಳಗ್ಗೆಯಷ್ಟೇ ಮತ್ತೆ ಓದಿದ್ದೆ.

"ಹದಿನಾಲ್ಕು ಸಾರ್," ಎಂದುಬಿಟ್ಟೆ.

ಎಂ.ಡಿ.ಯವರ ಹುಬ್ಬು ಮೇಲೇರಿತು. "ಅಷ್ಟು ಚೆನ್ನಾಗಿ ಆಡ್ತೀರಾ! ಹಾಗಾದ್ರೆ ಮುಂದಿನ ಶನಿವಾರ ಇಂಡಸ್ಟ್ರಿಯವರ ಪಂದ್ಯಕ್ಕೆ ಬನ್ನಿ. ನಮ್ಮ ಪ್ಯಾನೆಲ್ ಕೊಳ್ಳೋ ಕಂಪನಿಯ ಸುಲೋಚನಾ ಮೇಡಂ ಹೊಸೂರಿನಿಂದ ಬರ್ತಾರೆ. ನಮ್ಮ ಕಾಂಟ್ರಾಕ್ಟ್ ರಿನ್ಯೂ ಮಾಡೋದು ಅವರೇ ಕಣ್ರೀ. ಸ್ವಲ್ಪ ಖುಷಿಯಾಗಿಟ್ಕೊಳ್ಳಿ."

ಶನಿವಾರ ಬೆಳಗ್ಗೆ ನಾವು ಮೂವರೂ ಒಂದೇ ತಂಡದಲ್ಲಿದ್ದೆವು. ಚೆಂಡು ಬೀಳಿಸಬೇಕಾದ ಗುಳಿ ಒಂಬತ್ತು; ಕಡಿಮೆ ಹೊಡೆತದಲ್ಲಿ ಮುಗಿಸಿದವರು ಗೆದ್ದಂತೆ. ಸುಲೋಚನಾ ಮೇಡಂಗೆ ಅರವತ್ತರ ಹತ್ತಿರ ವಯಸ್ಸು. ಮಾತು ಕಡಿಮೆ. ಅವರ ಮೊದಲ ಹೊಡೆತ ಸದ್ದಿಲ್ಲದೆ ನೇರವಾಗಿ ಹೋಗಿ ಹುಲ್ಲಿನ ನಡುವೆ ಕೂತಿತು.

ನನ್ನ ಸರದಿ ಬಂತು. ಚಾಂಪಿಯನ್ನರಂತೆ ಒಂದು ಚಿಟಿಕೆ ಹುಲ್ಲು ಕಿತ್ತು, ಗಾಳಿ ಯಾವ ಕಡೆಗಿದೆಯೆಂದು ತಿಳಿಯಲು ಮೇಲಕ್ಕೆ ತೂರಿದೆ. ಹುಲ್ಲು ಎಂ.ಡಿ.ಯವರ ಕಾಫಿಗೆ ಬಿತ್ತು. ಗಾಳಿ ಯಾವ ಕಡೆಗಿದೆಯೆಂದು ತಿಳಿಯಿತು. ಬೀಸಿದೆ. ಚೆಂಡು ಬಲಕ್ಕೆ ಹಾರಿ, ತಿಂಡಿಯ ಶಾಮಿಯಾನದ ಮೇಲೆ ಬಿದ್ದು, ಉರುಳಿ, ವಡೆ ಕರಿಯುತ್ತಿದ್ದವರ ಕಾಲ ಬಳಿ ನಿಂತಿತು.

"ಹದಿನಾಲ್ಕು ಅಂದ್ರಲ್ಲ?" ಎಂದರು ಎಂ.ಡಿ. ಮೆಲ್ಲಗೆ.

"ಇವತ್ತು ಲಯ ಸಿಗ್ತಿಲ್ಲ ಸಾರ್," ಎಂದೆ. ಟೀವಿಯಲ್ಲಿ ಸೋತವರೆಲ್ಲ ಹಾಗೇ ಹೇಳುತ್ತಾರೆ.

ನಾಲ್ಕು ಗುಳಿ ಮುಗಿಯುವಷ್ಟರಲ್ಲಿ ನಾನು ಆರು ಚೆಂಡು ಕಳೆದಿದ್ದೆ. ಮೇಡಂ ನನ್ನ ಹೊಡೆತಗಳನ್ನು ಒಂದೂ ಬಿಡದೆ ಕಾರ್ಡಿನಲ್ಲಿ ಬರೆದುಕೊಳ್ಳುತ್ತಿದ್ದರು. ಒಬ್ಬರ ಲೆಕ್ಕವನ್ನು ಇನ್ನೊಬ್ಬರು ಬರೆಯಬೇಕು. ಅವರದನ್ನು ನಾನು ಬರೆಯುತ್ತಿದ್ದೆ.

ಐದನೆಯದರಲ್ಲಿ ಮೇಡಂ ಚೆಂಡು ಮರಳಿನ ಗುಂಡಿಗೆ, ಅಂದರೆ ಬಂಕರಿಗೆ, ಬಿತ್ತು. ಅವರು ಇಳಿದು ಕ್ಲಬ್ಬನ್ನು ಚೆಂಡಿನ ಹಿಂದೆ ಮರಳಿನ ಮೇಲೆ ಒಮ್ಮೆ ಊರಿ, ಆಮೇಲೆ ಎತ್ತಿ ಹೊಡೆದರು. ಚೆಂಡು ಸೊಗಸಾಗಿ ಹೊರಬಂತು.

"ಗುಡ್ ಶಾಟ್ ಮೇಡಂ!" ಎಂದರು ಎಂ.ಡಿ.

ಅಲ್ಲಿಗೆ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ಇಪ್ಪತ್ತೈದು ವರ್ಷ ಗುಣಮಟ್ಟ ವಿಭಾಗದಲ್ಲಿ ತಪ್ಪು ಹುಡುಕಿಯೇ ಊಟ ಮಾಡಿದವನು ನಾನು. ಬಾಯಿ ತಾನಾಗಿ ತೆರೆಯಿತು.

"ಮೇಡಂ, ಬಂಕರ್‌ನಲ್ಲಿ ಹೊಡೆಯೋಕೆ ಮುಂಚೆ ಚೆಂಡಿನ ಹಿಂದಿನ ಮರಳು ಮುಟ್ಟೋ ಹಾಗಿಲ್ಲ. ಎರಡು ಸ್ಟ್ರೋಕ್ ದಂಡ." ಅಂದರೆ ಅವರ ಲೆಕ್ಕಕ್ಕೆ ಎರಡು ಹೊಡೆತ ಹೆಚ್ಚು.

ಎಂ.ಡಿ. ನನ್ನನ್ನು ನೋಡಿದ ನೋಟವನ್ನು ನಾನು ವರ್ಣಿಸಲಾರೆ. ಹತ್ತಿರದ ಮರದಲ್ಲಿದ್ದ ಕಾಗೆಯೂ ಹಾರಿಹೋಯಿತು.

"ಹೌದಾ?" ಎಂದರು ಮೇಡಂ. "ಗ್ಯಾರಂಟಿನಾ?"

"ಗ್ಯಾರಂಟಿ ಮೇಡಂ." ನಿಯಮವನ್ನು ಸಂಖ್ಯೆಸಮೇತ ಒಪ್ಪಿಸಿದೆ.

"ಸರಿ. ಬರ್ಕೊಳ್ಳಿ."

ಉಳಿದ ನಾಲ್ಕು ಗುಳಿಗಳಲ್ಲಿ ಎಂ.ಡಿ. ನನ್ನನ್ನು ಬಿಟ್ಟು ಮೇಡಂ ಜೊತೆಯೇ ನಡೆದರು. ಒಮ್ಮೆ ಮಾತ್ರ ಹತ್ತಿರ ಬಂದು, "ಅವರನ್ನ ಖುಷಿಯಾಗಿಡಿ ಅಂದಿದ್ದೆ ಕಣ್ರೀ," ಎಂದು ಹೇಳಿ ದೂರ ಹೋದರು. ನನ್ನ ಕೈ ಬೆವರಿ ಕ್ಲಬ್ ಜಾರುತ್ತಿತ್ತು. ಹಾಗೆ ಜಾರದಿದ್ದಾಗಲೂ ನನ್ನ ಆಟ ಅಷ್ಟೇ ಇತ್ತೆನ್ನಿ.

ಆಟ ಮುಗಿದ ಮೇಲೆ ಮೇಡಂ ಅವರ ಕಾರ್ಡನ್ನು ನಾನು ಮೂರು ಸಲ ಕೂಡಿ, ತಾಳೆ ನೋಡಿ, ಅವರ ಸಹಿ ಹಾಕಿಸಿ, ನನ್ನದನ್ನೂ ಹಾಕಿ ಸಂಘಟಕರ ಮೇಜಿಗೆ ಕೊಟ್ಟೆ. ಮೇಡಂ ಬರೆದುಕೊಟ್ಟ ನನ್ನ ಕಾರ್ಡನ್ನೂ ಅದರ ಜೊತೆ ಕೊಟ್ಟು ವಡೆ ತಿನ್ನಲು ಹೋದೆ. ಬಹುಮಾನದ ಘೋಷಣೆ ಶುರುವಾಯಿತು. ಮಹಿಳೆಯರ ಕಪ್ ಸುಲೋಚನಾ ಮೇಡಂ ಕೈತಪ್ಪಿತ್ತು. ಎಷ್ಟರಿಂದ? ಒಂದೇ ಒಂದು ಸ್ಟ್ರೋಕಿನಿಂದ!

ಕಚ್ಚಿದ್ದ ವಡೆಯನ್ನು ತಟ್ಟೆಗೆ ಹಾಕಿ ಶಾಮಿಯಾನದ ಕಂಬದ ಹಿಂದೆ ಸರಿದೆ. ಅಷ್ಟರಲ್ಲಿ ಮೈಕಿನಲ್ಲಿ ನನ್ನ ಪೂರ್ತಿ ಹೆಸರೂ ಕೇಳಿಸಿತು: "ಶ್ರೀ ಶಿವಪ್ರಕಾಶ್, ಅನರ್ಹ."

ಮೇಜಿನ ಬಳಿ ಓಡಿದೆ. ಅಲ್ಲಿದ್ದ ಹೆಂಗಸು ನನ್ನ ಕಾರ್ಡನ್ನು ತೋರಿಸಿದರು.

"ಸಾರ್, ನಿಮ್ಮ ಕಾರ್ಡ್‌ನಲ್ಲಿ ನಿಮ್ಮ ಸೈನೇ ಇಲ್ಲ."

"ಅಯ್ಯೋ, ಈಗ ಹಾಕಿಬಿಡ್ತೀನಿ ಕೊಡಿ."

"ಕಾರ್ಡ್ ಕೊಟ್ಟು ಹೋದ್ಮೇಲೆ ಹಾಕೋ ಹಾಗಿಲ್ಲ ಸಾರ್. ರೂಲ್ಸ್ ಇದೆಯಲ್ಲ?"

ಇತ್ತು. ನನಗದು ಚೆನ್ನಾಗಿಯೇ ಗೊತ್ತಿತ್ತು. ಕಾರ್ಖಾನೆಯಲ್ಲಿ ಸಹಿಯಿಲ್ಲದ ಕಾಗದವನ್ನು ನಾನು ಮುಟ್ಟಿಯೂ ನೋಡುವವನಲ್ಲ.

ಹಿಂದೆ ಯಾರೋ ನಕ್ಕಂತಾಯಿತು. ತಿರುಗಿದರೆ ಸುಲೋಚನಾ ಮೇಡಂ, ಪಕ್ಕದಲ್ಲಿ ಬಿಳುಚಿಕೊಂಡ ಎಂ.ಡಿ.

"ಮೇಡಂ, ಕ್ಷಮಿಸಿ. ನಿಮ್ಮ ಕಪ್..." ಎಂದೆ.

"ಬಿಡಿ ಪ್ರಕಾಶ್. ಹತ್ತು ವರ್ಷದಿಂದ ಸಪ್ಲೈಯರ್‌ಗಳ ಜೊತೆ ಆಡ್ತಿದೀನಿ. ಚೆಂಡು ಚರಂಡಿಗೆ ಬಿದ್ರೂ ಗುಡ್ ಶಾಟ್ ಮೇಡಂ ಅಂತಾರೆ. ನನ್ನ ತಪ್ಪು ಹೇಳಿದ್ದು ನೀವೊಬ್ಬರೇ." ಎಂ.ಡಿ. ತಮ್ಮ ಬೂಟು ನೋಡಿಕೊಂಡರು. "ನಟರಾಜ್, ನಿಮ್ಮ ಪ್ಯಾನೆಲ್ ಚೆಕ್ ಮಾಡೋದು ಇವರೇನಾ? ಹಾಗಾದ್ರೆ ನನಗೆ ಚಿಂತೆ ಇಲ್ಲ."

ಕಾಂಟ್ರಾಕ್ಟ್ ಉಳಿಯಿತು. ಮನೆಗೆ ಬಂದು ಗಿರಿಜಾಗೆ ಎಲ್ಲ ಹೇಳಿದೆ, ನನ್ನ ಅನರ್ಹತೆಯೊಂದನ್ನು ಬಿಟ್ಟು. ಅದನ್ನು ಎಂ.ಡಿ.ಯವರ ಹೆಂಡತಿ ಫೋನ್ ಮಾಡಿ ತಿಳಿಸಿದರು.

ಹದಿನೈದು ದಿನಗಳ ನಂತರ ಪಂದ್ಯದ ಸಂಘಟಕರಿಂದ ಪತ್ರ ಬಂತು. ಸುಲೋಚನಾ ಮೇಡಂ ಶಿಫಾರಸಿನ ಮೇರೆಗೆ ಮುಂದಿನ ವರ್ಷದ ಪಂದ್ಯಕ್ಕೆ ನನ್ನನ್ನು ನಿಯಮ ಪರಿಶೀಲಕನಾಗಿ ನೇಮಿಸಿದ್ದರು. ನಾನು ಆಡುವ ಅಗತ್ಯವಿಲ್ಲ ಎಂಬ ವಾಕ್ಯ ಪತ್ರದಲ್ಲಿ ಎರಡು ಕಡೆ ಇತ್ತು.

ಹೆಮ್ಮೆಯಿಂದಲೇ ಭಾನುವಾರ ಮೈದಾನಕ್ಕೆ ಹೋಗಿ ಮುನಿರಾಜುಗೆ ಅದನ್ನು ಓದಿ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಅಂಗಾದ್ರೆ ಸಾರ್, ನೀವಿನ್ನು ಒಡೆಯೋದು ಕಲೀಬೇಕು ಅಂತೇನಿಲ್ವಲ್ಲ?"

ಅವರ ಮುಖದಲ್ಲಿ ಅಷ್ಟು ನೆಮ್ಮದಿಯನ್ನು ನಾನು ಎಂಟು ತಿಂಗಳಲ್ಲಿ ಒಂದು ದಿನವೂ ನೋಡಿರಲಿಲ್ಲ.