ಪಟ್ಟದ ಗೊಂಬೆಯೂ ಕಬ್ಬಿಣದ ಹಲಗೆಯೂ

ಜಂಬ ಒಳ್ಳೆಯದಲ್ಲವೆಂದು ದೊಡ್ಡವರು ಹೇಳುತ್ತಾರೆ. ಇರಬಹುದು. ಆದರೆ ಜಂಬಪಡಲು ಕಾರಣವಿದ್ದೂ ಸುಮ್ಮನಿರುವುದು ನನ್ನ ಕೈಲಾಗದ ಕೆಲಸ. ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಬ್ಬಿಣದ ಸರಳುಗಳನ್ನು ಯಂತ್ರಕ್ಕೆ ಸಿಕ್ಕಿಸಿ ಬಗ್ಗಿಸುವುದು, ಎಳೆಯುವುದು, ಕೊನೆಗೆ ಮುರಿಯುವುದು ನನ್ನ ಉದ್ಯೋಗ. ಸಂಬಳ ಕೊಟ್ಟು ಸಾಮಾನು ಮುರಿಸುವ ನೌಕರಿ ಇಡೀ ಮೈಸೂರಿನಲ್ಲಿ ಇನ್ನೊಂದಿರಲಾರದು. ಕಬ್ಬಿಣಕ್ಕೂ ಸಹನೆಯ ಒಂದು ಗಡಿಯಿದೆ ಎಂದು ಹುಡುಗರಿಗೆ ಪಾಠ ಹೇಳುತ್ತೇನೆ. ಅದರೊಳಗೆ ಎಷ್ಟು ಬಗ್ಗಿಸಿದರೂ ಕೈಬಿಟ್ಟೊಡನೆ ನೆಟ್ಟಗಾಗುತ್ತದೆ. ಗಡಿಯನ್ನು ಕೂದಲೆಳೆಯಷ್ಟು ದಾಟಿತೋ, ಮತ್ತೆ ಮೊದಲಿನಂತಾಗುವುದಿಲ್ಲ.

ಸ್ವಾತಂತ್ರ್ಯ ಬಂದ ಹೊಸದರಲ್ಲಿ ಎಲ್ಲವೂ ಹೊಸದಾಗಬೇಕೆಂಬ ಹುಮ್ಮಸ್ಸು. ನಾನೂ ನವರಾತ್ರಿಗೆ ಗೊಂಬೆ ಕೂರಿಸುವ ಹಳೆಯ ಮರದ ಹಲಗೆಯನ್ನು ನೀರೊಲೆಗೆ ಹಾಕಿ, ಕಬ್ಬಿಣದ ಹಲಗೆಯೊಂದನ್ನು ಕೊಯ್ಯಿಸಿ ತಂದೆ. ಜಯಲಕ್ಷ್ಮಿಪುರಂನಲ್ಲಿ ಅಂಥದು ಅದೇ ಮೊದಲು. ನನ್ನ ಹೆಂಡತಿ ಶಾರದೆ ಪಟ್ಟದ ಗೊಂಬೆಗಳನ್ನು ಎದೆಗವಚಿಕೊಂಡು ಬಂದಳು. ಮದುವೆಯಲ್ಲಿ ಅವಳ ತಾಯಿ ಕೊಟ್ಟ ಮರದ ರಾಜ, ರಾಣಿ. ತಾಯಿ ಈಗಿಲ್ಲ.

"ತಡೀತದೇನ್ರೀ ಇದು? ನಮ್ಮಮ್ಮನ ಗೊಂಬೆ ಬಿದ್ರೆ ನಾನು ಸುಮ್ನಿರಲ್ಲ ಕಣ್ರೀ," ಎಂದಳು.

ತಡೆಯುತ್ತದೆಯೇ! ಕಬ್ಬಿಣ ಮುರಿಯುವವನನ್ನು ಕೇಳುವ ಮಾತೇ? ಹಲಗೆಯ ಎರಡು ತುದಿಯ ಕೆಳಗೂ ಒಂದೊಂದು ಪೆಟ್ಟಿಗೆಯಿಟ್ಟು ನಾನೇ ನಡುವೆ ಕೂತೆ. ತುಸು ಬಗ್ಗಿತು. ಎದ್ದೆ, ನೆಟ್ಟಗಾಯಿತು. ಬುದ್ಧಿಯಿದ್ದವನು ಅಲ್ಲಿಗೆ ನಿಲ್ಲಿಸುತ್ತಿದ್ದ. ನಾನು ಕಾಂಪೌಂಡಿನಾಚೆಯ ವಕೀಲ ರಂಗೇಗೌಡರನ್ನು ಕೂಗಿ ಕರೆದೆ. ಒಳ್ಳೆಯ ತೂಕದ ಮನುಷ್ಯ.

"ಬುಡಿ ಸಾರ್, ನಾನು ಕೂತ್ರೆ ಕೋರ್ಟಿನ ಬೆಂಚೇ ಅಳ್ತದೆ," ಎಂದರು ಗೌಡರು.

"ಅದು ಮರ, ಇದು ಕಬ್ಬಿಣ. ಕೂತ್ಕೊಳ್ಳಿ," ಎಂದು ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಆಮೇಲೆ ನಾವಿಬ್ಬರೂ ಎದ್ದೆವು. ಹಲಗೆ ಏಳಲಿಲ್ಲ.

ನಿಜ ಹೇಳುತ್ತೇನೆ, ಮೊದಲು ನನಗಾದದ್ದು ಸಂತೋಷ. ಪಾಠದಲ್ಲಿ ಹೇಳಿದಂತೆಯೇ ಆಗಿತ್ತು! "ನೋಡಿದ್ಯಾ, ಗಡಿ ದಾಟಿತು!" ಎಂದೆ.

"ಅದೊಂದೇ ಅಲ್ಲ ದಾಟಿದ್ದು," ಎಂದಳು ಶಾರದೆ. ಅವಳ ಕಣ್ಣು ತುಂಬಿತ್ತು. ಗೌಡರು ಯಾವುದೋ ಕಕ್ಷಿದಾರನನ್ನು ನೆನೆಸಿಕೊಂಡು ಹೊರಟೇಹೋದರು.

ಆರತಿಗೆ ಬೀದಿಯ ಹೆಂಗಸರು ಬರುವ ಹೊತ್ತು. ಹಲಗೆಯನ್ನು ಬೋರಲು ಹಾಕಿ ಗೊಂಬೆ ನಿಲ್ಲಿಸಿ ನೋಡಿದೆ. ರಾಜನೊಂದು ಕಡೆ, ರಾಣಿಯೊಂದು ಕಡೆ ವಾಲಿ, ಮುನಿಸಿಕೊಂಡ ದಂಪತಿಗಳಾದರು. ಹಬ್ಬದ ಮನೆಯಲ್ಲಿ ಒಂದು ಜೋಡಿ ಮುನಿದಿರುವುದೇ ಸಾಕು. ಮತ್ತೆ ಮಗುಚಿದೆ. ತಗ್ಗಿನ ಆಚೆಗೊಬ್ಬರು ಈಚೆಗೊಬ್ಬರು ನಿಂತು, ಭುಜಕ್ಕೆ ಭುಜ ತಾಗಿಸಿ ಒರಗಿಕೊಂಡರು. ಗೇಟು ಕಿರುಗುಟ್ಟಿತು.

"ಅಯ್ಯೋ ಶಾರದಮ್ಮ, ರಾಜಾರಾಣಿ ಎಂಗೆ ಪಿಸುಗುಡ್ತಾ ಅವ್ರೆ ನೋಡಿ! ಯಾರ ಮನೇಲೂ ಹಿಂಗಿಲ್ಲ ಕಣಮ್ಮ," ಎಂದರು ಗೌಡರ ಹೆಂಡತಿ.

ನಾನು ಬಾಗಿಲ ಹಿಂದೆ ನಿಂತಿದ್ದೆ. ಶಾರದೆ ಗೊಂಬೆಗಳನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ, "ನಮ್ಮೆಜಮಾನ್ರೇ ಲೆಕ್ಕ ಹಾಕಿ ಬಗ್ಗಿಸಿದ್ದು ಕಣ್ರೀ. ಕಾಲೇಜಲ್ಲಿ ಅವರಿಗೆ ಇದೇ ಕೆಲಸ," ಎಂದಳು. ಮದುವೆಯಾದಾಗಿನಿಂದ ನನ್ನ ಕೆಲಸದ ಬಗ್ಗೆ ಅವಳು ಅಷ್ಟು ಹೆಮ್ಮೆಯಿಂದ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಮುಂದಿನ ನವರಾತ್ರಿಗೆ ಬೀದಿಯ ಮನೆಮನೆಗೂ ಕಬ್ಬಿಣದ ಹಲಗೆ ಬಂತು. ಒಂದೊಂದು ಮನೆಯವರೂ ಎಲೆ ಅಡಿಕೆಯಿಟ್ಟು ನನ್ನನ್ನೂ ಗೌಡರನ್ನೂ ಕರೆದೊಯ್ದರು. ಇಷ್ಟು ವರ್ಷ ಬೋರ್ಡಿನ ಮುಂದೆ ನಿಂತು ಗಳಿಸಲಾಗದ ಕೀರ್ತಿಯನ್ನು ನಾನು ಗೌಡರ ಪಕ್ಕ ಕೂತು ಗಳಿಸಿದೆ.